ಕಾಂಗ್ರೆಸ್ ಗಿಡದ ರಬ್ಬರ್ ಅಣ್ಣ

ಕೋಲಾರದ ಯಾವ ರೈತರನ್ನು ಕೇಳಿದರೂ ಕಾಂಗ್ರೆಸ್ ಗಿಡಕ್ಕೆ ನಾಲ್ಕು ಬೈಗುಳ ಗ್ಯಾರಂಟಿ. ಕಿತ್ತರೆ ಮೈ ಕೆರೆತ, ಬಿಟ್ಟರೆ ಬದುವಿನ ತುಂಬ ಅದೇ. ಇಂಥ ಗಿಡಕ್ಕೆ ರಬ್ಬರ್ ಕೊಡುವ ಒಬ್ಬ ಅಣ್ಣ ಇದ್ದಾನೆ ಅಂದರೆ ನಂಬೋದು ಕಷ್ಟ, ಅಲ್ವಾ? ಅದರ ಹೆಸರು ಗ್ವಯೂಲೆ. ಎರಡೂ ಪಾರ್ಥೇನಿಯಂ ಕುಲದವು. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಗಳ ದೊಡ್ಡ ಕುಟುಂಬಕ್ಕೆ ಸೇರಿದವು.

ಗ್ವಯೂಲೆಯ ತವರು ಚಿವಾವಾ ಮರುಭೂಮಿ. ಅಂದರೆ ಮೆಕ್ಸಿಕೋದ ಉತ್ತರ ಭಾಗ ಮತ್ತು ಅಮೆರಿಕದ ಟೆಕ್ಸಾಸ್‌ನ ಒಂದು ಮೂಲೆ. ಅಲ್ಲಿನ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ಇದು ಬೆಳೆಯುತ್ತದೆ. ವರ್ಷದ ಮಳೆ 250ರಿಂದ 380 ಮಿಲಿಮೀಟರ್. ಬರದ ಜಿಲ್ಲೆ ಎಂದು ಗೊಣಗುವ ನಮಗೆ ಅದರ ಸುಮಾರು ಎರಡು ಪಟ್ಟು ಬೀಳುತ್ತದೆ! ಮೊಣಕಾಲಿನಿಂದ ಸೊಂಟದವರೆಗೆ ಬರುವ ಪೊದೆ. ಎಲೆಗಳ ಮೇಲೆ ಬೂದಿ ಬಳಿದಂತೆ ಸಣ್ಣ ರೋಮ. ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ.

ಸ್ವಾರಸ್ಯ ಇರುವುದು ರಬ್ಬರಿನಲ್ಲಿ. ಕೇರಳದ ರಬ್ಬರ್ ಮರಕ್ಕೆ ಗೀರು ಹಾಕಿದರೆ ಹಾಲು ಹರಿಯುತ್ತದೆ. ಗ್ವಯೂಲೆಯಲ್ಲಿ ಹಾಗೆ ಹಾಲು ಹರಿಯುವ ನಾಳಗಳಿಲ್ಲ. ತೊಗಟೆಯ ಜೀವಕೋಶಗಳ ಒಳಗೆ ರಬ್ಬರ್ ಬಿಡಿಬಿಡಿಯಾಗಿ ಕೂತಿರುತ್ತದೆ. ಹಾಗಾಗಿ ಗಿಡವನ್ನೇ ಕಡಿದು ಅರೆಯಬೇಕು. ಮಳೆ ಬಿದ್ದಾಗ ಗಿಡ ಮೈ ಬೆಳೆಸುತ್ತದೆ. ರಬ್ಬರ್ ಜಾಸ್ತಿ ಕೂಡಿಡುವುದು ಚಳಿಗಾಲದ ತಣ್ಣನೆಯ ರಾತ್ರಿಗಳಲ್ಲಿ.

ಎರಡನೇ ಮಹಾಯುದ್ಧದ ಹೊತ್ತು, 1942ರಲ್ಲಿ, ಮಲಯ (ಇಂದಿನ ಮಲೇಷ್ಯಾದ ಭಾಗ) ಜಪಾನಿನ ಕೈಸೇರಿತು. ಅಲ್ಲಿನ ರಬ್ಬರ್ ನಿಂತುಹೋಯಿತು. ಅಮೆರಿಕ ಸರ್ಕಾರ ತುರ್ತಾಗಿ ಸಾವಿರಾರು ಎಕರೆಯಲ್ಲಿ ಗ್ವಯೂಲೆ ಹಾಕಿಸಿತು. ಯುದ್ಧ ಮುಗಿದು ಕೃತಕ ರಬ್ಬರ್ ಬಂದದ್ದೇ ತಡ, ಬೆಳೆದು ನಿಂತ ಗಿಡಗಳನ್ನು ನಾಶ ಮಾಡಿದರು. ದಡ್ಡತನ, ಇನ್ನೇನು! ರಬ್ಬರ್ ಮರದ ಹಾಲಿನ ಪ್ರೋಟೀನ್ ಕೆಲವರಿಗೆ ಅಲರ್ಜಿ ತರುತ್ತದೆ. ಗ್ವಯೂಲೆಯಲ್ಲಿ ಆ ಪ್ರೋಟೀನ್ ಇಲ್ಲ. ಅಂಥವರಿಗೆ ಇದರ ಕೈಗವಸು ಆಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ತಮ್ಮನ, ಅಂದರೆ ಕಾಂಗ್ರೆಸ್ ಗಿಡದ, ದಾರಿಯೇ ಬೇರೆ. ಅಣ್ಣ ದಶಕಗಟ್ಟಲೆ ಬದುಕಬಲ್ಲ. ತಮ್ಮ ಒಂದೂವರೆ ತಿಂಗಳೊಳಗೆ ಹೂ ಬಿಟ್ಟು, ಸಾವಿರಾರು ಬೀಜ ಚೆಲ್ಲುತ್ತಾನೆ. ಕೂಡಿಡುವ ಗೋಜೇ ಇಲ್ಲ. ಕಾಂಗ್ರೆಸ್ ಗಿಡ ಅರೆದು ರಬ್ಬರ್ ತೆಗೆಯೋಣ ಅಂತ ಯಾರೂ ಹೊರಡಬೇಡಿ, ಕೆರೆತ ಮಾತ್ರ ಸಿಗುತ್ತದೆ. ತವರಿನಲ್ಲಿ ಅದನ್ನು ತಿನ್ನುವ ಹುಳುಗಳಿದ್ದವು. ಇಲ್ಲಿಗೆ ಬರುವಾಗ ಅವು ಜೊತೆಗೆ ಬರಲಿಲ್ಲ. ಅದಕ್ಕೇ 1984ರಲ್ಲಿ ಮೆಕ್ಸಿಕೋದ ಒಂದು ದುಂಬಿಯನ್ನು ತಂದು ಬೆಂಗಳೂರಿನಲ್ಲಿ ಬಿಟ್ಟರು. ಬಿಳಿ ಬೆನ್ನಿನ ಮೇಲೆ ಕಂದು ಗೆರೆ ಇರುವ ಆ ಹುಳು ಕಾಂಗ್ರೆಸ್ ಗಿಡದ ಮೇಲೆ ಕಂಡರೆ ಔಷಧಿ ಹೊಡೆಯಬೇಡಿ. ಒಣ ದಿನಗಳಲ್ಲಿ ಅದು ಮಣ್ಣಿನೊಳಗೆ ಇರುತ್ತದೆ. ಮಳೆ ಬಿದ್ದ ಮೇಲೆ ಎದ್ದು ಬಂದು ಎಲೆ ಮೇಯುತ್ತದೆ.