ಇಪ್ಪತ್ತೋ, ಎಪ್ಪತ್ತೋ?

ದಾವಣಗೆರೆ ಎಪಿಎಂಸಿ ಹತ್ತಿರ ಒಂದು ಮೆಕ್ಕೆಜೋಳದ ದಲಾಲಿ ಅಂಗಡಿ. ಅಲ್ಲಿಯ ಐದು ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಮೇಲೆ ಕೆಲಸ ನಡೆದಿತ್ತು. ಆಮೇಲೆ ಸ್ಪೀಕರ್ ಮಾತಾಡಿತು: “ಬ್ಯಾಟರಿ ಇಪ್ಪತ್ತು ಪರ್ಸೆಂಟ್.” ಗುಮಾಸ್ತರ ಕಿವಿಗೆ ಅದು ಎಪ್ಪತ್ತು ಅಂತ ಬಿತ್ತು. “ಇನ್ನೂ ಜಗ್ಗಿ ಐತಿ ಬಿಡ್ರಿ” ಅಂದು ಬಿಲ್ ಹೊಡೆಯುತ್ತಲೇ ಕೂತರು. ಸ್ವಲ್ಪ ಹೊತ್ತಿಗೆ ಎಲ್ಲ ಆಫ್. ಸೇವ್ ಆಗದ ಬಿಲ್‌ಗಳನ್ನೆಲ್ಲ ಮತ್ತೆ ಹೊಡೆಯಬೇಕಾಯಿತು.

ಆ ಮಾತು ಬರೆದವನು ನಾನೇ. ಬೈಸಿಕೊಂಡವನೂ ನಾನೇ.

ಕಂಪ್ಯೂಟರ್‌ಗೆ ಬಾಯಿ ಕೊಡಲು ಕಾರಣವಿತ್ತು. ಮೊದಲು ಎಚ್ಚರಿಕೆಗಳೆಲ್ಲ ಇಮೇಲ್‌ಗೆ ಬರುತ್ತಿದ್ದವು. ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಬರುವ ಚೌಕಟ್ಟನ್ನು ಓದದೆಯೇ ಒತ್ತಿ ಮುಚ್ಚುತ್ತಿದ್ದರು. ಕಣ್ಣು ಆ ಕಡೆ ತಿರುಗಿದರಷ್ಟೇ ಕಾಣುತ್ತದೆ. ಕಿವಿಗೆ ರೆಪ್ಪೆ ಇಲ್ಲ. ಈ ಊರಿನ ಹತ್ತಿ ಮಿಲ್‌ಗಳ ಸೈರನ್ ಕೇಳಿ ಬೆಳೆದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸೈರನ್ ಕೂಗುತ್ತದೆ ಅಷ್ಟೇ, ಏನಾಯಿತು ಅಂತ ಹೇಳುವುದಿಲ್ಲ. ಮಾತು ಹೇಳುತ್ತದೆ.

ಖರ್ಚೂ ಇಲ್ಲ. ಲಿನಕ್ಸ್‌ನಲ್ಲಿ ಇ-ಸ್ಪೀಕ್ ಎಂಬ ಉಚಿತ ತಂತ್ರಾಂಶವಿದೆ. ಮ್ಯಾಕ್‌ನಲ್ಲಿ ‘ಸೇ’ ಅನ್ನುವ ಒಂದೇ ಪದದ ಆದೇಶ ಸಾಕು. ವಿಂಡೋಸ್‌ನಲ್ಲಿ ಆದೇಶ ಬರೆಯುವ ಪವರ್‌ಶೆಲ್‌ನಿಂದ ಮಾತಾಡಿಸಬಹುದು. ಯುಪಿಎಸ್ ಮೇಲೆ ಕಣ್ಣಿಡುವ ಎಪಿಸಿಯುಪಿಎಸ್‌ಡಿ ಎಂಬ ತಂತ್ರಾಂಶ ಕರೆಂಟ್ ಹೋದ ಕೂಡಲೇ ಒಂದು ಚಿಕ್ಕ ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿ, ಓಡಿಸುತ್ತದೆ. ಅದರೊಳಗೆ ಒಂದು ಸಾಲು ಸೇರಿಸಿದರೆ ಆಯಿತು.

ಹಾಗಾದರೆ ಇಪ್ಪತ್ತು ಎಪ್ಪತ್ತಾಗಿದ್ದು ಹೇಗೆ?

ಯಂತ್ರ ಮಾತಾಡಲು ಹಲವು ದಾರಿಗಳಿವೆ. ಮನುಷ್ಯರ ದನಿಯನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿಟ್ಟು, ಬೇಕಾದಾಗ ಜೋಡಿಸುವುದು ಒಂದು. ರೈಲ್ವೆ ಸ್ಟೇಷನ್‌ನಲ್ಲಿ ನಾವು ಬಹಳ ಕಾಲದಿಂದ ಕೇಳುತ್ತಿರುವುದು ಈ ಬಗೆಯದು. 2016ರಲ್ಲಿ ಗೂಗಲ್‌ಗೆ ಸೇರಿದ ಡೀಪ್‌ಮೈಂಡ್‌ನವರ ವೇವ್‌ನೆಟ್ ಬಂದ ಮೇಲೆ, ಉದಾಹರಣೆ ಕೇಳಿ ಕೇಳಿ ಕಲಿಯುವ ನರಜಾಲ ಎಂಬ ತಂತ್ರಾಂಶಗಳು ಮನುಷ್ಯರಂತೆಯೇ ಮಾತಾಡತೊಡಗಿದವು. ಇ-ಸ್ಪೀಕ್ ಇವೆರಡಕ್ಕಿಂತ ಬೇರೆ. ಜೊನಾಥನ್ ಡಡಿಂಗ್ಟನ್ ಇದರ ಮೊದಲ ರೂಪವನ್ನು 1995ರಲ್ಲಿ ಬ್ರಿಟನ್ನಿನ ಏಕಾರ್ನ್ ಕಂಪ್ಯೂಟರ್‌ಗಾಗಿ ಬರೆದರು. ಅದು ಸ್ವರಗಳನ್ನು ಲೆಕ್ಕದಿಂದಲೇ ಹುಟ್ಟಿಸುತ್ತದೆ.

ನಮ್ಮ ಗಂಟಲು, ಬಾಯಿ ಸೇರಿ ಒಂದು ಕೊಳವೆ ಅಂದುಕೊಳ್ಳಿ. ಕೊಳಲಿನಂತೆ ಅದರಲ್ಲೂ ಕೆಲವು ಕಂಪನಗಳು ಜಾಸ್ತಿ ಮೊಳಗುತ್ತವೆ. ಇವಕ್ಕೆ ಫಾರ್ಮೆಂಟ್ ಅನ್ನುತ್ತಾರೆ. ನಾಲಿಗೆ ಮೇಲೇರಿದರೆ ಮೊದಲ ಫಾರ್ಮೆಂಟ್ ಕೆಳಗಿಳಿಯುತ್ತದೆ. ಗಂಡಸರ ದನಿಯಲ್ಲಿ ‘ಇ’ಗೆ ಅದು ಸುಮಾರು 300 ಹರ್ಟ್ಜ್. ‘ಎ’ಗೆ 400ರಿಂದ 500. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಇರುವುದು ಈ ಮೊದಲ ಸ್ವರದ ಅಂತರ ಅಷ್ಟೇ, ಉಳಿದದ್ದೆಲ್ಲ ಒಂದೇ. ಅಗ್ಗದ ಸ್ಪೀಕರ್, ಹೊರಗೆ ಲಾರಿಗಳ ಹಾರ್ನ್, ಮೇಲೆ ಯಂತ್ರದ ಒಣ ದನಿ. ಮೊದಲ ಸ್ವರ ಕಳೆದುಹೋಯಿತು. ಉಳಿದದ್ದು ಬರೀ ‘ಪ್ಪತ್ತು’.

ಹಾಗೆ ನೋಡಿದರೆ ಕನ್ನಡವನ್ನು ಯಂತ್ರಕ್ಕೆ ಓದಿಸುವುದು ಇಂಗ್ಲಿಷಿನಷ್ಟು ಕಷ್ಟವಲ್ಲ. ಹೆಚ್ಚು ಕಡಿಮೆ ಬರೆದಂತೆಯೇ ಓದುತ್ತೇವೆ. ತೊಡಕು ಇರುವುದು ಅಂಕಿಗಳಲ್ಲಿ, ಚಿಹ್ನೆಗಳಲ್ಲಿ. ‘5/3’ ಕಂಡರೆ ತಾರೀಕೋ, ಭಾಗಾಕಾರವೋ? ‘5ಕ್ಕೆ’ ಅನ್ನುವುದನ್ನು ‘ಐದಕ್ಕೆ’ ಅಂತ ಓದಬೇಕು, ‘ಐದು ಕ್ಕೆ’ ಅಂತಲ್ಲ. ಇದನ್ನೆಲ್ಲ ನಾವೇ ಮೊದಲು ಬಿಡಿಸಿ ಬರೆದುಕೊಟ್ಟರೆ ಪಾಪ, ಯಂತ್ರ ಒದ್ದಾಡುವುದಿಲ್ಲ.

ಸ್ಟೇಷನ್‌ನಲ್ಲಿ ಗಾಡಿ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದುವುದು ಸುಮ್ನೆ ಅಲ್ಲ ಅಂತ ನನಗೆ ಆಗ ಹೊಳೆಯಿತು. ‘ಎರಡು ಸೊನ್ನೆ’, ‘ಏಳು ಸೊನ್ನೆ’ ಅಂದರೆ ಗೊಂದಲವಿಲ್ಲ. ಆದರೆ ಗುಮಾಸ್ತರಿಗೆ ಆ ಅಂಕಿಯಾದರೂ ಯಾಕೆ ಬೇಕು? ವಿಮಾನಗಳಲ್ಲಿ ನೆಲ ತೀರಾ ಹತ್ತಿರ ಬಂದಾಗ ಕೂಗುವ ಯಂತ್ರವಿದೆ. ಎಂಜಿನಿಯರ್ ಡಾನ್ ಬೇಟ್‌ಮನ್ ರೂಪಿಸಿದ್ದು. ಅದು ಆ ಹೊತ್ತಿನಲ್ಲಿ ಪೈಲಟ್‌ಗೆ ಲೆಕ್ಕ ಒಪ್ಪಿಸುತ್ತಾ ಕೂರುವುದಿಲ್ಲ, “ಪುಲ್ ಅಪ್”, ಅಂದರೆ ಮೇಲಕ್ಕೇರಿಸು, ಅನ್ನುತ್ತದೆ. ನಾನೂ ಅಂಕಿ ತೆಗೆದುಹಾಕಿದೆ. ಈಗ ಅಂಗಡಿಯಲ್ಲಿ ಕೇಳುವುದು ಇಷ್ಟು: “ಗಮನಿಸಿ. ಬ್ಯಾಟರಿ ಮುಗೀತಿದೆ. ಈಗಲೇ ಸೇವ್ ಮಾಡಿ.”

‘ಗಮನಿಸಿ’ ಬರೀ ಮರ್ಯಾದೆಗಲ್ಲ. ಸುಮ್ಮನಿದ್ದ ಸೌಂಡ್ ಕಾರ್ಡ್ ಕರೆಂಟ್ ಉಳಿಸಲು ನಿದ್ದೆ ಹೋಗಿರುತ್ತದೆ. ಏಳುವಷ್ಟರಲ್ಲಿ ಮೊದಲ ತುಣುಕನ್ನು ನುಂಗಿಬಿಡುತ್ತದೆ. ನುಂಗುವುದಾದರೆ ಬೇಡದ ಪದವನ್ನೇ ನುಂಗಲಿ.

ಇನ್ನೊಂದು ಪೇಚು. ನಾನು ಕೂತು ಓಡಿಸಿದರೆ ಮಾತಾಡುವ ಸ್ಕ್ರಿಪ್ಟ್, ವೇಳೆಗೆ ಸರಿಯಾಗಿ ಕೆಲಸ ಶುರುಮಾಡುವ ಕ್ರಾನ್‌ಗೆ ಒಪ್ಪಿಸಿದರೆ ಮೂಕವಾಗುತ್ತಿತ್ತು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಧ್ವನಿ ವ್ಯವಸ್ಥೆ ಲಾಗಿನ್ ಆದ ಬಳಕೆದಾರನ ಹೆಸರಲ್ಲಿ ಓಡುತ್ತಿರುತ್ತದೆ. ಕ್ರಾನ್ ಹಿಂಬಾಗಿಲಿನಿಂದ ಬರುವ ಆಳು, ಅವನಿಗೆ ಸ್ಪೀಕರ್ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ದಾರಿ ತೋರಿಸಿಕೊಡಬೇಕು. ವಿಂಡೋಸ್‌ನಲ್ಲೂ ವಿಸ್ಟಾ ಎಂಬ ಆವೃತ್ತಿಯ ಕಾಲದಿಂದ ಹಿನ್ನೆಲೆಯಲ್ಲಿ ಓಡುವ ಸೇವೆಗಳಿಗೆ ಬೇರೆಯೇ ಕೋಣೆ.

ಇದೆಲ್ಲ ಸರಿಹೋಗುವಷ್ಟರಲ್ಲಿ ಗಣಪತಿ ಹಬ್ಬ ಬಂತು. ಓಣಿಯ ಹುಡುಗರು ಪೆಂಡಾಲಿಗೆ ಅಂತ ಸ್ಪೀಕರ್ ಕೇಳಿದರು, ಮಾಲೀಕರು ಕೊಟ್ಟರು. ಗಣಪತಿ ನೀರಿಗೆ ಹೋದ, ಸ್ಪೀಕರ್ ವಾಪಸ್ ಬಂತು, ವೈರ್ ಮಾತ್ರ ಯಾರೂ ಸಿಕ್ಕಿಸಲಿಲ್ಲ. ಬ್ಯಾಕಪ್ ಡಿಸ್ಕ್ ತುಂಬಿತ್ತು. “ಬ್ಯಾಕಪ್ ಆಗಿಲ್ಲ” ಅಂತ ಯಂತ್ರ ಹನ್ನೊಂದು ದಿನ ಬೆಳಿಗ್ಗೆ ಬೆಳಿಗ್ಗೆ ಹೇಳಿದೆ. ಕೇಳಿದವರಿಲ್ಲ. ಸದ್ದಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ ನಾವು ಅಂದುಕೊಂಡಿದ್ದೆವು.

ಈಗ ದಿನಾ ಬೆಳಿಗ್ಗೆ ಹತ್ತೂವರೆಗೆ ಬ್ಯಾಕಪ್ ಸರಿಯಾಗಿ ಆಗಿದ್ದರೂ ಅದು ಒಂದು ಮಾತು ಹೇಳುತ್ತದೆ. ಮೊನ್ನೆ ಗುಮಾಸ್ತರೇ ಫೋನ್ ಮಾಡಿದರು. “ಸರ, ಇವತ್ತು ಅದು ಮಾತಾಡೇ ಇಲ್ಲಲ್ರಿ?”