ಸ್ಲ್ಯಾಬ್‌ನಲ್ಲಿ ದೊಡ್ಡ ಕಟೌಟ್: 50% ಒಳಗಿದ್ದರೆ ಸಾಕಾ?

ಪ್ರಶ್ನೆ: ಬೆಳಕಿಗೆಂದು ಪ್ರತಿ ಮಹಡಿಯ ಸ್ಲ್ಯಾಬ್‌ನಲ್ಲೂ ದೊಡ್ಡ ಕಟೌಟ್, ಅಂದರೆ ತೆರೆದ ಕಿಂಡಿ, ಬಿಡುತ್ತಿದ್ದೇವೆ. ಸ್ಲ್ಯಾಬ್‌ನ ಅರ್ಧಕ್ಕಿಂತ ಎಷ್ಟೋ ಕಡಿಮೆ. ಭೂಕಂಪದ ಲೆಕ್ಕದಲ್ಲಿ ಅದನ್ನು ಬಿಟ್ಟರೂ ನಡೆಯುತ್ತೆ ಅಲ್ವಾ?

ನಡೆಯಲ್ಲ. ಭೂಕಂಪ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಕಟೌಟ್ ಸ್ಲ್ಯಾಬಿನ ವಿಸ್ತೀರ್ಣದ 50% ದಾಟಿದರೆ ಸ್ಲ್ಯಾಬನ್ನು ಫ್ಲೆಕ್ಸಿಬಲ್ (ಅಡ್ಡಬಲಕ್ಕೆ ಬಾಗುವಂಥದ್ದು) ಅಂತಲೇ ಹಿಡಿಯಬೇಕು. ಅದರೊಳಗಿದ್ದರೆ, ಎಲ್ಲಿದೆ, ಎಷ್ಟು ದೊಡ್ಡದು ಅಂತ ನೋಡಿ ಫ್ಲೆಕ್ಸಿಬಲ್ಲೋ ರಿಜಿಡ್ಡೋ (ಬಾಗದ್ದೋ) ಅಂತ ತೀರ್ಮಾನಿಸಬೇಕು. ಈ ಎರಡನೇ ಮಾತನ್ನು ಓದುವವರು ಕಡಿಮೆ.

ಸಣ್ಣ ಲೆಕ್ಕ ಹಾಕೋಣ. 30 ಮೀಟರ್ ಉದ್ದ, 15 ಮೀಟರ್ ಅಗಲದ ಸ್ಲ್ಯಾಬ್. ಎರಡೂ ತುದಿಯಲ್ಲಿ ಶಿಯರ್ ವಾಲ್, ಅಂದರೆ ಅಡ್ಡಬಲ ಹೊರುವ ಕಾಂಕ್ರೀಟ್ ಗೋಡೆ. ಭೂಕಂಪದ ಅಡ್ಡಬಲ ಮೀಟರಿಗೆ 20 ಕಿಲೋನ್ಯೂಟನ್, ಸುರಕ್ಷತೆಯ ಫ್ಯಾಕ್ಟರ್ ಸೇರಿ. ಬೀಮನ್ನು ಮಗ್ಗುಲಿಗೆ ಮಲಗಿಸಿದ ಹಾಗೆ ಈ ಸ್ಲ್ಯಾಬ್ ಬಾಗುತ್ತದೆ. ನಡುವಿನ ಮೊಮೆಂಟ್ (ಬಾಗಿಸುವ ಪರಿಣಾಮ) 2,250 ಕಿಲೋನ್ಯೂಟನ್ ಮೀಟರ್. ಅದನ್ನು ಎರಡು ಅಂಚುಗಳ ಬಲಗಳ ನಡುವಿನ ಅಂತರ, ಸುಮಾರು 14 ಮೀಟರ್‌ನಿಂದ ಭಾಗಿಸಿದರೆ ಅಂಚಿನಲ್ಲಿ ಸುಮಾರು 160 ಕಿಲೋನ್ಯೂಟನ್ ಎಳೆತ. ಎರಡು 16 ಎಂಎಂ ಕಂಬಿ ಸಾಕು.

ಈಗ 12 ಮೀಟರ್ ಉದ್ದ, 6 ಮೀಟರ್ ಅಗಲದ ಕಟೌಟ್ ಇಡಿ. ಬರೀ 16%. ಉದ್ದನೆಯ ಅಂಚಿನ ನಡುವೆ ಇಟ್ಟರೆ ಆ ಎರಡು ಕಂಬಿ ಅಲ್ಲೇ ತುಂಡು! ಉಳಿಯುವುದು 9 ಮೀಟರ್ ಅಗಲ. ಆ ಅಂತರ ಸುಮಾರು 8.5 ಮೀಟರ್‌ಗೆ ಇಳಿದು, ಎಳೆತ 265 ಕಿಲೋನ್ಯೂಟನ್‌ಗೆ ಏರುತ್ತದೆ. ಕಟೌಟಿನ ಒಳ ಅಂಚಿಗೆ ಎರಡು 20 ಎಂಎಂ ಕಂಬಿ ಬೇಕು.

ಅದೇ ಕಟೌಟನ್ನು ಸ್ಲ್ಯಾಬಿನ ನಟ್ಟನಡುವೆ ಇಡಿ. ಹೊರ ಅಂಚಿನ ಕಂಬಿಗೆ ಏನೂ ಆಗಲ್ಲ. ಆದರೆ ಅಕ್ಕಪಕ್ಕದ 4.5 ಮೀಟರ್ ಪಟ್ಟಿಗಳು ತಾವೇ ಬೇರೆ ಬೀಮ್‌ಗಳಂತೆ ಬಾಗುತ್ತವೆ. ಹಾಗಾಗಿ ಕಟೌಟಿನ ಮೂಲೆಯಲ್ಲಿ ಇನ್ನೂ ಸುಮಾರು 30 ಕಿಲೋನ್ಯೂಟನ್ ಎಳೆತ. ಅದು ಜಾಸ್ತಿಯೇನಲ್ಲ, ಆದರೆ ಬಿರುಕು ಶುರುವಾಗುವುದೇ ಮೂಲೆಯಿಂದ. ಪೋಸ್ಟ್‌ಕಾರ್ಡಿನಲ್ಲಿ ಚೌಕ ಕತ್ತರಿಸಿ ಎಳೆದು ನೋಡಿ.

ಕಟೌಟಿನ ಅಂಚಿನ ಕಂಬಿ ಎರಡೂ ಕಡೆ ಮೂಲೆ ದಾಟಿ ಸಾಕಷ್ಟು ಮುಂದೆ ಹೋಗಬೇಕು. ಎಂ25 ದರ್ಜೆಯ ಕಾಂಕ್ರೀಟಿನಲ್ಲಿ ಎಫ್‌ಇ 500 ದರ್ಜೆಯ 16 ಎಂಎಂ ಕಂಬಿಗೆ ಸುಮಾರು 780 ಮಿಲಿಮೀಟರ್, 20 ಎಂಎಂಗೆ ಇನ್ನೂ ಜಾಸ್ತಿ. ಸೈಟಿನಲ್ಲಿ ಒಂದಡಿಗೇ ಕತ್ತರಿಸಿಬಿಡುತ್ತಾರೆ. ಡ್ರಾಯಿಂಗ್‌ನಲ್ಲಿ ಅಳತೆ ಬರೆದೇ ಕೊಡಿ.

ಸಾಫ್ಟ್‌ವೇರ್‌ನಲ್ಲಿ ರಿಜಿಡ್ ಡಯಾಫ್ರಾಮ್‌ಗೆ (ಸ್ಲ್ಯಾಬ್ ತನ್ನ ಮಟ್ಟದಲ್ಲಿ ಬಾಗುವುದೇ ಇಲ್ಲ ಎಂಬ ಊಹೆಗೆ) ಟಿಕ್ ಹಾಕಿದರೆ ಈ ಎಳೆತ ಯಾವುದೂ ಕಾಣಿಸುವುದಿಲ್ಲ. ಆ ಮಟ್ಟದ ಬೀಮ್‌ಗಳ ಅಕ್ಷೀಯ ಬಲ (ಉದ್ದಕ್ಕೆ ಎಳೆಯುವ ಅಥವಾ ಒತ್ತುವ ಬಲ) ಸುಮ್ನೆ ಸೊನ್ನೆ ತೋರಿಸುತ್ತದೆ. ಸ್ಲ್ಯಾಬಿನ ನಿಜವಾದ ಬಾಗುವಿಕೆಯನ್ನು ಹಿಡಿಯುವ ಸೆಮಿ-ರಿಜಿಡ್ ಮಾಡಿ, ಸ್ಲ್ಯಾಬನ್ನು ಮೆಶ್ ಆಗಿ, ಅಂದರೆ ಸಣ್ಣ ಸಣ್ಣ ತುಂಡುಗಳಾಗಿ, ಒಡೆದು ಓಡಿಸಿ.

ಕೊನೆಗೆ ಲಿಫ್ಟ್ ಕೋರ್ (ಲಿಫ್ಟ್ ಸುತ್ತಲಿನ ಕಾಂಕ್ರೀಟ್ ಗೋಡೆಗಳು) ನೋಡಿ. ಒಂದು ಪಕ್ಕ ಮೆಟ್ಟಿಲು, ಇನ್ನೊಂದು ಪಕ್ಕ ಡಕ್ಟ್ (ಪೈಪು, ವೈರುಗಳ ಕಿಂಡಿ) ಬಂದರೆ, ಬಲ ಹೊರಬೇಕಾದ ಗೋಡೆಗೆ ಸ್ಲ್ಯಾಬ್ ತಾಗುವುದೇ ಒಂದೆರಡು ಮೀಟರ್. ಅಲ್ಲಿ ಬಲವನ್ನು ಎಳೆದು ತಂದು ಗೋಡೆಗೆ ಒಪ್ಪಿಸುವ ಕಲೆಕ್ಟರ್ ಬೀಮ್ ಬೇಕು. ಇಲ್ಲದಿದ್ದರೆ ಡಕ್ಟನ್ನು ಬೇರೆ ಕಡೆ ಸರಿಸಲು ಆರ್ಕಿಟೆಕ್ಟ್ ಜೊತೆ ಈಗಲೇ ಜಗಳ ಆಡಿ.