‘ಗೀಳು’ ಅಂದರೆ ಇಷ್ಟವಲ್ಲ

“ಇವಳಿಗೆ ತೊಳೆಯೋ ಗೀಳು ಡಾಕ್ಟ್ರೇ, ಎಷ್ಟು ಬೈದ್ರೂ ಬಿಡಲ್ಲ” ಎಂದು ಗಂಡ ಹೇಳುವಾಗ ಹೆಂಡತಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತಿದ್ದರು. ತೋರಿಸಿ ಅಂದೆ. ಸೋಪಿಗೆ ಬೆರಳ ಸಂದಿಯ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು.

ಇದು ಒಸಿಡಿ (ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್) ಎಂಬ ಮನಸ್ಸಿನ ಕಾಯಿಲೆ; ಕನ್ನಡದಲ್ಲಿ ಇದಕ್ಕೆ ‘ಗೀಳು ಮನೋರೋಗ’ ಎಂಬ ಹೆಸರು ಬಳಕೆಯಲ್ಲಿದೆ. ಚಿಕ್ಕ ಪದ, ನನಗೂ ಪ್ರೀತಿಯದು. ಆದರೆ ಮನೆಮಾತಿನಲ್ಲಿ ಗೀಳೆಂದರೆ ಅತಿಯಾಸೆ: ಕ್ರಿಕೆಟ್ ಗೀಳು, ಮೊಬೈಲ್ ಗೀಳು, ಇಸ್ಪೀಟಿನ ಗೀಳು. ಅಲ್ಲಿ ಸುಖವಿದೆ. ಒಸಿಡಿಯಲ್ಲಿ ಸುಖದ ಸುಳಿವೂ ಇಲ್ಲ. ಕೈಗೆ ಕೊಳೆ ಅಂಟಿದೆ, ಗ್ಯಾಸ್ ಆರಿಸಿಲ್ಲ ಎಂಬ ಯೋಚನೆ ಬೇಡವೆಂದರೂ ನುಗ್ಗುತ್ತದೆ. ಕೆಲವರಿಗೆ ದೇವರ ಮುಂದೆ ನಿಂತಾಗಲೇ ಕೆಟ್ಟ ಮಾತು ಮನಸ್ಸಿಗೆ ಬರುತ್ತದೆ, ಅದನ್ನವರು ಯಾರಿಗೂ ಹೇಳಲಾರರು. ಆ ದಿಗಿಲು ತಗ್ಗಲೆಂದು ತೊಳೆಯುತ್ತಾರೆ, ಮತ್ತೆ ಮತ್ತೆ ನೋಡಿ ಬರುತ್ತಾರೆ. ಅರೆಗಳಿಗೆ ಸಮಾಧಾನ, ಆಮೇಲೆ ಮೊದಲಿಂದ. ಇದಕ್ಕೆ ಅರ್ಥವಿಲ್ಲವೆಂದು ಬಹಳ ಮಂದಿಗೆ ತಮಗೇ ಗೊತ್ತಿರುತ್ತದೆ. ಮನೆಯವರು ಇದನ್ನು ಆಸೆಯೆಂದು ತಿಳಿದರೆ ಬೈಯುತ್ತಾರೆ. ಆ ಹೆಣ್ಣುಮಗಳು ಆರು ವರ್ಷ ಬೈಗುಳ ತಿಂದಿದ್ದರು. ಇದಕ್ಕೆ ಚಿಕಿತ್ಸೆಯಿದೆ. ಮಾತ್ರೆ ಪೂರ್ತಿ ಫಲ ಕೊಡಲು ಎರಡು ಮೂರು ತಿಂಗಳು ಬೇಕು. ಜೊತೆಗೆ, ಕೊಳೆ ಮುಟ್ಟಿಯೂ ಕೈ ತೊಳೆಯದೆ ಕೂರುವ ಅಭ್ಯಾಸವನ್ನು ಹಂತಹಂತವಾಗಿ ಮಾಡಿಸುತ್ತೇವೆ. ಬಹಳ ಕಷ್ಟದ ಅಭ್ಯಾಸ ಅದು.

ಮನಸ್ಸಿನ ಪದಗಳು ಹೀಗೆ ಸರಿದಾಡುವುದು ಹೊಸದಲ್ಲ. ಹಳಗನ್ನಡದಲ್ಲಿ ‘ಬಗೆ’ ಎಂದರೆ ಮನಸ್ಸು, ಯೋಚಿಸುವುದು. ಈಗ ಬಗೆ ಎಂದರೆ ವಿಧ. ಹಳೆಯ ಅರ್ಥ ‘ದ್ರೋಹ ಬಗೆದ’ ಎನ್ನುವಲ್ಲಿ ಉಳಿದಿದೆ. ಸಂಸ್ಕೃತದಲ್ಲಿ ಆಲೋಚನೆಯೂ ಆಗಿದ್ದ ‘ಚಿಂತೆ’ ನಮ್ಮಲ್ಲಿ ಕಳವಳವೇ ಆಯಿತು, ಚಿಂತಕರು ಮಾತ್ರ ಪಾರಾದರು. ಈಗ ‘ಯೋಚನೆ’ಯೂ ಅದೇ ದಾರಿ ಹಿಡಿದಿದೆ. “ಅಮ್ಮ ತುಂಬಾ ಯೋಚನೆ ಮಾಡ್ತಾರೆ” ಎಂದು ಮಗ ಹೇಳಿದರೆ ಅಮ್ಮನಿಗೆ ನಿದ್ದೆಯಿಲ್ಲ ಎಂದೇ ನಾನು ಬರೆದುಕೊಳ್ಳುತ್ತೇನೆ, ವಿಚಾರಿಸಿದರೆ ಹೆಚ್ಚಾಗಿ ನಿಜವೂ ಆಗಿರುತ್ತದೆ.

‘ಖಿನ್ನತೆ’ ಪತ್ರಿಕೆಯಲ್ಲಿದೆ, ನಮ್ಮ ಚೀಟಿಯಲ್ಲಿದೆ, ಹಳ್ಳಿಯಿಂದ ಬಂದವರ ಬಾಯಲ್ಲಿ ಇಲ್ಲ. ಅವರು ಸುಸ್ತು ಅನ್ನುತ್ತಾರೆ, ಮೈ ಭಾರ, ತಲೆ ಉರಿ, ಕೈಕಾಲಲ್ಲಿ ಶಕ್ತಿ ಇಲ್ಲ ಅನ್ನುತ್ತಾರೆ. ಗ್ಲೂಕೋಸ್ ಹಾಕಿಸಿಕೊಂಡು, ಟಾನಿಕ್ ಕುಡಿದು, ರಕ್ತಪರೀಕ್ಷೆಯಲ್ಲಿ ಏನೂ ಸಿಗದೆ ಕೊನೆಗೆ ನಮ್ಮಲ್ಲಿಗೆ ಬರುತ್ತಾರೆ. ಸಂಸ್ಕೃತದ ‘ಖಿನ್ನ’ಕ್ಕೆ ನೊಂದ ಎಂಬುದರ ಜೊತೆ ದಣಿದ ಎಂಬ ಅರ್ಥವೂ ಇದೆ. ರೋಗಿ ಹೇಳಿದ್ದು ಸರಿಯಾಗಿಯೇ ಇತ್ತು, ನಾವು ಅರ್ಧ ಕೇಳಿಸಿಕೊಂಡೆವು.

ಹೆಸರು ಬದಲಿಸಿದರೆ ಅವಮಾನ ತಗ್ಗೀತೆ? ಇಲ್ಲದ ದನಿ ಕೇಳಿಸುವುದು, ಇಲ್ಲದ ಸಂಶಯ ಕಾಡುವುದು ಇಂಥ ಲಕ್ಷಣಗಳ ಕಾಯಿಲೆ ಸ್ಕಿಜೋಫ್ರೇನಿಯಾ. ಜಪಾನಿನಲ್ಲಿ 2002ರಲ್ಲಿ ಅದಕ್ಕಿದ್ದ ‘ಮನಸ್ಸು ಸೀಳಿದ ರೋಗ’ ಎಂಬ ಅರ್ಥದ ಹೆಸರನ್ನೇ ಕೈಬಿಟ್ಟರು. ನಮ್ಮಲ್ಲಿ 1912ರ ಲೂನಸಿ (ಹುಚ್ಚು) ಕಾಯ್ದೆ ಹೋಗಿ 1987ರಲ್ಲಿ ಮಾನಸಿಕ ಆರೋಗ್ಯದ ಹೆಸರಿನ ಕಾಯ್ದೆ ಬಂತು, ಈಗ 2017ರದು ಇದೆ. ಜನರ ಬಾಯಲ್ಲಿ ‘ಹುಚ್ಚಾಸ್ಪತ್ರೆ’ ಇನ್ನೂ ಇದೆ. ಆ ಪದಕ್ಕೆ ಹೆದರಿ ಮಗಳ ಮದುವೆಯಾಗುವವರೆಗೆ ಚಿಕಿತ್ಸೆ ಮುಂದೂಡಿದವರನ್ನು ನೋಡಿದ್ದೇನೆ, ಅದಕ್ಕೇ ಬೋರ್ಡಿನ ಮೇಲಿನ ಹೆಸರೂ ಮುಖ್ಯ ಎನ್ನುತ್ತೇನೆ.

ಒಂದು ಮಾತು ಕಿವಿಗೆ ಬಿದ್ದರೆ ಮಾತ್ರ ನಾನು ಪೆನ್ನು ಕೆಳಗಿಡುತ್ತೇನೆ: “ಜೀವ ಬೇಜಾರಾಗಿದೆ.” ಟಿವಿ ನೋಡಿ ಬೇಜಾರು, ಬಸ್ ಬಾರದೆ ಬೇಜಾರು ಎನ್ನುವ ಊರಲ್ಲಿ ಇದು ಸುಲಭವಾಗಿ ಕಳೆದುಹೋಗುತ್ತದೆ. ಮನೆಯಲ್ಲಿ ಯಾರಾದರೂ ಹಾಗಂದರೆ “ಸಾಯಬೇಕು ಅನ್ನಿಸ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ನಡುರಾತ್ರಿಯಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.